ಉಸಿರಿಗೆ ಅಳತೆ ಹಿಡಿದ ಜಾನ್ ಹಚಿನ್ಸನ್

ಓಮ್, ವ್ಯಾಟ್, ಪ್ಯಾಸ್ಕಲ್, ಕೆಲ್ವಿನ್. ನಮ್ಮ ಸಿಲಬಸ್ಸಿನಲ್ಲಿ ಸಿಗೋ ಈ ಮಹನೀಯರೆಲ್ಲ ಕೊನೆಗೆ ಯೂನಿಟ್‌ಗಳಾಗಿ ಉಳಿದುಬಿಟ್ಟವರು. ಅವರ ಊರು ಕೇರಿ, ಹೆಂಡತಿ ಮಕ್ಕಳು, ಸೋಲು ಗೆಲುವು ಯಾವುದೂ ಪರೀಕ್ಷೆಗೆ ಬರೋದಿಲ್ಲ. ಈ ಸಲ ನಾವು ಬರೆಯೋಕೆ ಹೊರಟಿರೋ ಜಾನ್ ಹಚಿನ್ಸನ್‌ಗೆ ಯೂನಿಟ್ ಆಗುವ ಭಾಗ್ಯವೂ ಸಿಗಲಿಲ್ಲ. ಆದರೆ ಶ್ವಾಸಕೋಶದ ಡಾಕ್ಟರುಗಳ ನಡುವೆ ಈ ಹೆಸರು, ಎಲೆಕ್ಟ್ರಿಕಲ್‌ನವರ ನಡುವೆ ಓಮ್ ಹೆಸರಿದ್ದ ಹಾಗೆ. ಪಿಯುಸಿಯಲ್ಲಿ ಬಯಾಲಜಿ ಓದಿದವರು ವೈಟಲ್ ಕೆಪಾಸಿಟಿ ಅಂತ ಬಾಯಿಪಾಠ ಮಾಡಿರ್ತೀರಿ. ಆ ಹೆಸರಿಟ್ಟವನು ಈತ. ಉಸಿರನ್ನು ಅಳೆಯುವ ಸ್ಪೈರೋಮೀಟರ್ ಎಂಬ ಯಂತ್ರವನ್ನು ಕೊಟ್ಟವನೂ ಈತನೇ.

ಸತ್ತು 160 ವರ್ಷ ದಾಟಿದ ಡಾಕ್ಟರ್ ಬಗ್ಗೆ ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಪತ್ರಿಕೆಯಲ್ಲಿ ಯಾಕೆ ಬರೀಬೇಕು ಅಂತ ನೀವು ಕೇಳಬಹುದು. ಸಿಒಪಿಡಿ ಅನ್ನೋ ಕಾಯಿಲೆಯ ಹೆಸರು ಕೇಳಿರ್ತೀರಿ. ಶ್ವಾಸನಾಳಗಳು ಕಾಲಕ್ರಮೇಣ ಕಿರಿದಾಗಿ, ಗಾಳಿಚೀಲಗಳ ಗೋಡೆ ಹರಿದು, ಒಳಗೆ ಹೋದ ಗಾಳಿ ಹೊರಗೆ ಬರೋಕೆ ಒದ್ದಾಡುವ ಕಾಯಿಲೆ. ನಮ್ಮ ಕಡೆ ಇದನ್ನೂ ಸೇರಿಸಿ ಎಲ್ಲವನ್ನೂ ದಮ್ಮು, ಉಬ್ಬಸ, ಗೂರಲು ಅಂತಲೇ ಕರೆಯೋದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರ ಒಂದೇ ವರ್ಷ ಇದರಿಂದ ಸತ್ತವರು ಸುಮಾರು 35 ಲಕ್ಷ ಜನ. ಬೀಡಿ ಸಿಗರೇಟು ಒಂದು ಕಾರಣ. ನಮ್ಮ ದೇಶದಲ್ಲಿ ಒಂದು ಬೀಡಿಯನ್ನೂ ಮುಟ್ಟದೆ, ವರ್ಷಾನುಗಟ್ಟಲೆ ಸೌದೆ ಒಲೆ ಮುಂದೆ ಕೂತು ಊದುಕೊಳವೆ ಊದಿದ ಹೆಂಗಸರಿಗೂ ಇದು ಬರುತ್ತೆ. ಈ ಕಾಯಿಲೆ ಇದೆಯೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳೋದು, ಔಷಧಿ ಕೆಲಸ ಮಾಡ್ತಾ ಇದೆಯಾ ಅಂತ ಪರೀಕ್ಷಿಸೋದು, ಎರಡೂ ಇವತ್ತಿಗೂ ಹಚಿನ್ಸನ್ ಯಂತ್ರದ ಮೊಮ್ಮಕ್ಕಳ ಮೇಲೆಯೇ ನಿಂತಿದೆ. ತಮಾಷೆ ಅಂದರೆ, ಹಚಿನ್ಸನ್ ಕೈಲಿದ್ದ ಯಂತ್ರಕ್ಕೆ ಈ ಕಾಯಿಲೆ ಸರಿಯಾಗಿ ಕಾಣಿಸುತ್ತಲೇ ಇರಲಿಲ್ಲ. ಅದಕ್ಕೆ ಕಾರಣ ಡಾಕ್ಟರಿಗಿಂತ ನಮ್ಮಂಥವರಿಗೆ ಬೇಗ ಅರ್ಥವಾಗುವಂಥದ್ದು. ಅದಕ್ಕೇ ಈ ಲೇಖನ.

ಹಚಿನ್ಸನ್ ಹುಟ್ಟಿದ್ದು 1811ರಲ್ಲಿ, ಇಂಗ್ಲೆಂಡಿನ ಈಶಾನ್ಯ ಭಾಗದ ರೈಟನ್ ಎಂಬ ಊರಿನಲ್ಲಿ. ಟೈನ್ ನದಿಯ ದಂಡೆ, ನ್ಯೂಕ್ಯಾಸಲ್ ಪಕ್ಕ. ಇಡೀ ಸೀಮೆಯೇ ಕಲ್ಲಿದ್ದಲಿನ ಸೀಮೆ. ಮೆಕ್ಯಾನಿಕಲ್‌ನವರು ಗಮನಿಸಿ: ಅಲ್ಲಿಂದ ಕೂಗಳತೆಯಲ್ಲಿರುವ ವೈಲಂ ಊರಿನಲ್ಲೇ ಜಾರ್ಜ್ ಸ್ಟೀಫನ್ಸನ್ ಹುಟ್ಟಿದ್ದು, ಹಚಿನ್ಸನ್ ಇನ್ನೂ ಎರಡು ಮೂರು ವರ್ಷದ ಕೂಸಾಗಿದ್ದಾಗ ವೈಲಂ ಗಣಿಯಲ್ಲೇ ಪಫಿಂಗ್ ಬಿಲ್ಲಿ ಎಂಬ ಉಗಿಬಂಡಿ ಓಡಿದ್ದು. ಸುತ್ತಮುತ್ತ ಹಬೆ, ಒತ್ತಡ, ಪಿಸ್ಟನ್ನು, ಕಪ್ಪು ಧೂಳು. ಇಂಥ ಕಡೆ ಬೆಳೆದ ಹುಡುಗ ಡಾಕ್ಟರ್ ಆದರೂ ಮನುಷ್ಯನ ಎದೆಯನ್ನು ಒಂದು ಪಂಪಿನ ಹಾಗೆ ನೋಡಿದ್ದರಲ್ಲಿ ನಮಗೇನೂ ಆಶ್ಚರ್ಯ ಕಾಣೋದಿಲ್ಲ.

ಓದಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಆಮೇಲೆ ಸರ್ಜನ್ ಆಗಿ ಅರ್ಹತೆ ಪಡೆದು, ಬ್ರಿಟಾನಿಯಾ ಎಂಬ ಜೀವವಿಮೆ ಕಂಪನಿಗೆ ಡಾಕ್ಟರ್ ಆಗಿ ಸೇರಿಕೊಂಡ. ಈ ಕೆಲಸವೇ ಆತನ ಬದುಕಿನ ದಿಕ್ಕು ಬದಲಿಸಿದ್ದು. ವಿಮೆ ಕಂಪನಿಯ ಡಾಕ್ಟರ್ ಕೆಲಸ ಎಂಥದ್ದು ಯೋಚಿಸಿ. ಎದುರಿಗೆ ಬಂದು ಕೂರೋನು ರೋಗಿಯಲ್ಲ, ಗಟ್ಟಿಮುಟ್ಟಾಗಿ ಕಾಣೋ ಮನುಷ್ಯ. ಈತ ಇನ್ನೆಷ್ಟು ವರ್ಷ ಬದುಕಬಹುದು, ಪಾಲಿಸಿ ಕೊಡಬಹುದೋ ಬೇಡವೋ ಅಂತ ಹೇಳಬೇಕು. ಆ ಕಾಲದಲ್ಲಿ ಲಂಡನ್ ಜನರನ್ನು ಕ್ಷಯ ಹುರಿದು ಮುಕ್ಕುತ್ತಾ ಇತ್ತು. ಕೆಮ್ಮಿನಲ್ಲಿ ರಕ್ತ ಬಂದ ಮೇಲೆ ಯಾರು ಬೇಕಾದರೂ ಹೇಳಿಯಾರು. ಅದಕ್ಕೂ ಮೊದಲೇ, ಎದೆಯೊಳಗೆ ಏನೋ ಶುರುವಾಗಿದೆ ಅಂತ ಹೇಳೋದು ಹೇಗೆ?

ಆಗ ಡಾಕ್ಟರುಗಳ ಕೈಲಿದ್ದ ದೊಡ್ಡ ಸಾಧನ ಸ್ಟೆತೊಸ್ಕೋಪು. ಫ್ರಾನ್ಸಿನ ಲೆನೆಕ್ 1816ರಲ್ಲಿ ಕಂಡುಹಿಡಿದಿದ್ದ ಕೊಳವೆ ಅದು. ಕಿವಿ ಪಳಗಿದವರಿಗೆ ಅದೊಂದು ಅದ್ಭುತ. ಆದರೆ ಅದು ಸದ್ದು ಕೊಡುತ್ತೆ, ಸಂಖ್ಯೆ ಕೊಡೋದಿಲ್ಲ. ಇಬ್ಬರು ಡಾಕ್ಟರು ಒಂದೇ ಎದೆಗೆ ಕಿವಿಕೊಟ್ಟು ಎರಡು ಅಭಿಪ್ರಾಯ ಹೇಳಬಹುದು. ಹಚಿನ್ಸನ್‌ಗೆ ಬೇಕಾಗಿದ್ದು ಸಂಖ್ಯೆ. ಉಸಿರನ್ನು ಅಳೆಯೋ ಪ್ರಯತ್ನ ಅವನಿಗಿಂತ ಮುಂಚೆಯೂ ನಡೆದಿತ್ತು. ಹಂಫ್ರಿ ಡೇವಿ 1800ರ ಸುಮಾರಿನಲ್ಲೇ ಹೈಡ್ರೋಜನ್ ಉಸಿರಾಡಿ, ಎಷ್ಟು ಊದಿದರೂ ತನ್ನ ಎದೆಯಲ್ಲಿ ಉಳಿದುಬಿಡುವ ಗಾಳಿ ಎಷ್ಟು ಅಂತ ಲೆಕ್ಕ ಹಾಕಿದ್ದ. ಆದರೆ ಅವೆಲ್ಲ ಒಬ್ಬಿಬ್ಬರ ಮೇಲೆ, ಬಹಳ ಸಲ ತಮ್ಮ ಮೇಲೇ ಮಾಡಿಕೊಂಡ ಪ್ರಯೋಗ. ಒಬ್ಬನ ಅಳತೆ ಇಟ್ಟುಕೊಂಡು ಇನ್ನೊಬ್ಬನ ಬಗ್ಗೆ ಏನು ಹೇಳೋಕಾಗುತ್ತೆ?

ಈಗ ಯಂತ್ರದ ವಿಷಯ. ಹಳ್ಳಿಯಲ್ಲಿ ತೇಲುವ ಡ್ರಮ್ಮಿನ ಗೋಬರ್ ಗ್ಯಾಸ್ ಗುಂಡಿ ನೋಡಿದ್ದೀರಲ್ಲ? ಕೆಳಗೆ ತೊಟ್ಟಿ, ಅದರ ಮೇಲೆ ಬೋರಲು ಹಾಕಿದ ಡ್ರಮ್ಮು. ಗ್ಯಾಸ್ ತುಂಬಿದಷ್ಟೂ ಡ್ರಮ್ಮು ಮೇಲೇಳುತ್ತೆ. ಹಚಿನ್ಸನ್ ಸ್ಪೈರೋಮೀಟರು ಹೆಚ್ಚು ಕಮ್ಮಿ ಅದೇ. ಒಂದು ಸಿಲಿಂಡರಿನಲ್ಲಿ ನೀರು, ಅದರೊಳಗೆ ಬೋರಲಾಗಿ ಇಳಿಬಿಟ್ಟ ಇನ್ನೊಂದು ಸಿಲಿಂಡರು. ಒಳ ಸಿಲಿಂಡರಿನ ತೂಕ ಉಸಿರಿಗೆ ಅಡ್ಡಿಯಾಗಬಾರದು ಅಂತ ರಾಟೆಗಳ ಮೇಲೆ ದಾರ ಹಾಯಿಸಿ ಆಚೆ ಕಡೆ ಅಷ್ಟೇ ತೂಕದ ಗುಂಡು. ಕೊಳವೆಗೆ ಬಾಯಿಟ್ಟು ಊದಿದರೆ ಗಾಳಿ ಒಳಗೆ ಹೋಗಿ ಸಿಲಿಂಡರು ಮೇಲೇಳುತ್ತೆ, ಪಕ್ಕದ ಸ್ಕೇಲಿನಲ್ಲಿ ಘನ ಇಂಚುಗಳನ್ನು ಓದಿಕೊಳ್ಳಬಹುದು. ಬೆಚ್ಚಗಿನ ಉಸಿರು ತಣ್ಣನೆಯ ಸಿಲಿಂಡರಿನಲ್ಲಿ ಕುಗ್ಗುತ್ತೆ ಅನ್ನೋದು ಆತನಿಗೆ ಗೊತ್ತಿತ್ತು. ಅದಕ್ಕೇ ಅಳತೆಗಳನ್ನು 60 ಡಿಗ್ರಿ ಫ್ಯಾರನ್‌ಹೀಟಿನ ಲೆಕ್ಕಕ್ಕೆ ತಂದು ಬರೆದ. ಥರ್ಮೋ ಪೇಪರ್ ಬರೆದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಇವತ್ತಿನ ಕಂಪ್ಯೂಟರ್ ಸ್ಪೈರೋಮೀಟರುಗಳೂ ಇದೇ ತಿದ್ದುಪಡಿ ಮಾಡಿಕೊಳ್ಳುತ್ತವೆ. ಕೋಣೆ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಅಳೆದ ಗಾಳಿಯನ್ನು ಸುಮಾರು 1.1ರಿಂದ ಗುಣಿಸಬೇಕು. ಇದನ್ನು ಮರೆತರೆ ಆರೋಗ್ಯವಂತನ ಎದೆಯೂ ಶೇಕಡಾ ಹತ್ತರಷ್ಟು ಚಿಕ್ಕದಾಗಿ ಕಾಣುತ್ತೆ.

ಯಂತ್ರ ಚೆನ್ನಾಗಿದೆ, ಸರಿ. ಆದರೆ ನಮ್ಮ ಅಭಿಪ್ರಾಯದಲ್ಲಿ ಹಚಿನ್ಸನ್‌ನ ದೊಡ್ಡತನ ಯಂತ್ರದಲ್ಲಿಲ್ಲ, ಅದನ್ನು ಹೊತ್ತುಕೊಂಡು ಎಲ್ಲಿಗೆ ಹೋದ ಅನ್ನೋದರಲ್ಲಿದೆ. ಆತ 2130 ಜನರಿಂದ ಊದಿಸಿದ. ಪಟ್ಟಿ ನೋಡಿದರೆ ಒಂದು ಕಾಲದ ಲಂಡನ್ ಕಣ್ಣ ಮುಂದೆ ಮೆರವಣಿಗೆ ಹೋದ ಹಾಗಿದೆ. ವುಲಿಚ್‌ನ ನೌಕಾ ಸೈನಿಕರು 573, ಕುಶಲಕರ್ಮಿಗಳು 370, ಚಾಟಮ್‌ನಲ್ಲಿ ಹೊಸದಾಗಿ ಸೇನೆಗೆ ಸೇರಿದವರು 185, ಮಹಾನಗರ ಪೊಲೀಸರು 144, ದಿಕ್ಕಿಲ್ಲದ ಬಡವರು 129, ನಾವಿಕರು 121, ಅಗ್ನಿಶಾಮಕ ದಳದವರು 82, ಅಚ್ಚಿನ ಮೊಳೆ ಜೋಡಿಸುವವರು 43, ಬಿಯರ್ ಗಾಡಿ ಹೊಡೆಯುವವರು 20, ಕುಸ್ತಿ ಪಟುಗಳೂ ಮುಷ್ಟಿಯುದ್ಧದವರೂ ಸೇರಿ 24, ದೊಡ್ಡ ಮನುಷ್ಯರು ಅನ್ನಿಸಿಕೊಂಡ ಜಂಟಲ್‌ಮನ್‌ಗಳು 97. ಅಷ್ಟೇ ಅಲ್ಲ, ದೈತ್ಯರು ಕುಬ್ಜರು ಅಂತ ನಾಲ್ಕು ಜನ ಬೇರೆ! ಕಾಯಿಲೆಯವರು ಕೇವಲ 60. ಹುಡುಗಿಯರು 26.

ಕೊನೆಯ ಎರಡು ಸಂಖ್ಯೆಗಳನ್ನು ಸ್ವಲ್ಪ ನೋಡಿ. ಕಾಯಿಲೆಯನ್ನು ಹುಡುಕಬೇಕು ಅಂತ ಹೊರಟವನು ಆರೋಗ್ಯವಂತರನ್ನೇ ಎರಡು ಸಾವಿರ ಜನ ಅಳೆದಿದ್ದಾನೆ. ಇದು ತಲೆ ಇದ್ದವರು ಮಾಡೋ ಕೆಲಸ. ಸರಿಯಾದದ್ದು ಎಷ್ಟಿರಬೇಕು ಅಂತ ಗೊತ್ತಿಲ್ಲದೆ ತಪ್ಪನ್ನು ಹಿಡಿಯೋಕಾಗಲ್ಲ. 1840ರ ದಶಕದಲ್ಲಿ ವೈದ್ಯಕೀಯದಲ್ಲಿ ಹೀಗೆ ಯೋಚಿಸುವವರು ಬೆರಳೆಣಿಕೆಯಷ್ಟು ಜನ. ಆದರೆ ಅದೇ ಪಟ್ಟಿಯಲ್ಲಿ ಹೆಣ್ಣುಮಕ್ಕಳು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಯಾರನ್ನು ಅಳೆದು ಮಾದರಿ ಅನ್ನುತ್ತೇವೆ ಅನ್ನೋ ಪ್ರಶ್ನೆ ಆ ದಿನವೇ ಈ ಯಂತ್ರಕ್ಕೆ ಅಂಟಿಕೊಂಡಿತು. ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ಆಮೇಲೆ ಹೇಳ್ತೀವಿ.

ಅಳತೆಗಳನ್ನೆಲ್ಲ ಹರಡಿಕೊಂಡು ಕೂತಾಗ ಹಚಿನ್ಸನ್‌ಗೆ ಕಂಡದ್ದು ಅವನಿಗೇ ಆಶ್ಚರ್ಯ. ಎದೆ ಅಗಲ ಇದ್ದವನ ಉಸಿರು ಜಾಸ್ತಿ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಜಿಮ್ಮಿಗೆ ಹೋಗೋ ನಮ್ಮ ಗೆಳೆಯರು ಇವತ್ತಿಗೂ ಹಾಗೇ ನಂಬಿದ್ದಾರೆ. ಎದೆಯ ಸುತ್ತಳತೆಗೂ ಊದಿದ ಗಾಳಿಗೂ ನೇರ ಸಂಬಂಧ ಸಿಗಲಿಲ್ಲ. ಸಂಬಂಧ ಸಿಕ್ಕಿದ್ದು ಎತ್ತರದ ಜೊತೆ. ಐದು ಅಡಿಯಿಂದ ಆರು ಅಡಿ ನಡುವೆ, ಎತ್ತರ ಒಂದಿಂಚು ಹೆಚ್ಚಿದರೆ ಗಾಳಿ 8 ಘನ ಇಂಚು, ಅಂದರೆ ಸುಮಾರು 131 ಮಿಲಿಲೀಟರು ಹೆಚ್ಚುತ್ತೆ. ಗ್ರಾಫ್ ಹಾಳೆಯಲ್ಲಿ ನೆಟ್ಟಗೆ ಒಂದು ಗೆರೆ. ವಯಸ್ಸಾದಂತೆ ಕಡಿಮೆಯಾಗುತ್ತೆ, ಮೈ ಅತಿಯಾಗಿ ಬಂದರೂ ಕಡಿಮೆಯಾಗುತ್ತೆ ಅನ್ನೋದನ್ನೂ ಗುರುತಿಸಿದ. ಪೂರ್ತಿ ಎಳೆದುಕೊಂಡು ಪೂರ್ತಿ ಬಿಟ್ಟಾಗ ಹೊರಬರುವ ಈ ಗಾಳಿಗೆ ವೈಟಲ್ ಕೆಪಾಸಿಟಿ ಅಂತ ಹೆಸರಿಟ್ಟ. ಜೀವಂತಿಕೆಯ ಅಳತೆ ಅನ್ನೋ ಅರ್ಥ ಅದರಲ್ಲಿದೆ. ವಿಮೆ ಕಂಪನಿಯವನಲ್ಲವೇ, ಹೆಸರಿನಲ್ಲೇ ಆಯಸ್ಸಿನ ಲೆಕ್ಕ ಕೂತಿದೆ.

ಆ ಪಟ್ಟಿಯ ದೈತ್ಯರ ಪೈಕಿ ಒಬ್ಬನ ಕಥೆ ಹೇಳಲೇಬೇಕು. ಚಾರ್ಲ್ಸ್ ಫ್ರೀಮನ್ ಅಂತ, ಅಮೆರಿಕದ ಆಜಾನುಬಾಹು. 1842ರಲ್ಲಿ ಮುಷ್ಟಿಯುದ್ಧಕ್ಕೆಂದು ಇಂಗ್ಲೆಂಡಿಗೆ ಬಂದ. ಆಗ ಹಚಿನ್ಸನ್ ಯಂತ್ರದಲ್ಲಿ ಊದಿದ್ದು 434 ಘನ ಇಂಚು, ಅಂದರೆ ಏಳು ಲೀಟರಿಗೂ ಮೇಲೆ. ಮುಂದಿನ ಎರಡು ವರ್ಷದಲ್ಲಿ ಅದೇ ಮನುಷ್ಯ ಊದಿದ ಗಾಳಿ ದೊಡ್ಡ ಪ್ರಮಾಣದಲ್ಲಿ ಇಳಿದುಹೋಯಿತು. 1845ರಲ್ಲಿ ಫ್ರೀಮನ್ ಕ್ಷಯದಿಂದ ವಿಂಚೆಸ್ಟರ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಹಚಿನ್ಸನ್‌ಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಗಮನಿಸಿ, ಇಳಿದ ಮೇಲೂ ಫ್ರೀಮನ್‌ನ ಗಾಳಿ ಸಾಮಾನ್ಯ ಮನುಷ್ಯನಿಗಿಂತ ಜಾಸ್ತಿಯೇ ಇತ್ತು. ಒಂದೇ ಸಲ ಅಳೆದಿದ್ದರೆ ಭೇಷ್ ಅಂದು ಕಳಿಸಿಬಿಡುತ್ತಿದ್ದರು. ಅದೇ ಮನುಷ್ಯನನ್ನು ಮತ್ತೆ ಮತ್ತೆ ಅಳೆದಾಗಲೇ ಇಳಿಜಾರು ಕಂಡದ್ದು. ಇವತ್ತು ಸಿಒಪಿಡಿ ಸಂಶೋಧನೆಯ ಅರ್ಧ ಭಾಗ ಇದೇ ಇಳಿಜಾರಿನ ಲೆಕ್ಕ.

1846ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಮೆಡಿಕಲ್ ಅಂಡ್ ಚಿರರ್ಜಿಕಲ್ ಸೊಸೈಟಿಯಲ್ಲಿ ತನ್ನ ಪ್ರಬಂಧ ಮಂಡಿಸಿದ. ಅಚ್ಚಾದಾಗ ನೂರು ಪುಟ ಮೀರಿತು. ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಂತೆ ಚಿತ್ರ ಹಾಕಿ ಉಬ್ಬಿಸಿದ ನೂರು ಪುಟ ಅಲ್ಲ, ಕೋಷ್ಟಕಗಳಿಂದ ಗಿಜಿಗುಡುವ ನೂರು ಪುಟ. 1850ರಲ್ಲಿ ಬ್ರಾಂಪ್ಟನ್‌ನ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನ ಹುದ್ದೆ ಸಿಕ್ಕಿತು. 1852ರಲ್ಲಿ ಸ್ಪೈರೋಮೀಟರು, ಸ್ಟೆತೊಸ್ಕೋಪು, ತಕ್ಕಡಿ ಈ ಮೂರನ್ನೂ ಎದೆಯ ಕಾಯಿಲೆ ಪತ್ತೆಗೆ ಹೇಗೆ ಬಳಸಬೇಕು ಅಂತ ಪುಸ್ತಕ ಬಂತು. ಹೆಸರು, ಹುದ್ದೆ, ಪುಸ್ತಕ ಎಲ್ಲ ಕೈಗೆ ಬಂದಿತ್ತು. ವಯಸ್ಸು ನಲವತ್ತೊಂದು.

ಅದೇ ವರ್ಷ ಎಲ್ಲ ಬಿಟ್ಟು ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದ.

ಹೆಂಡತಿ ಮಕ್ಕಳು ಇಂಗ್ಲೆಂಡಿನಲ್ಲೇ ಉಳಿದರು. ಹಿಂದಿನ ವರ್ಷವಷ್ಟೇ ವಿಕ್ಟೋರಿಯಾ ಸೀಮೆಯಲ್ಲಿ ಚಿನ್ನ ಸಿಕ್ಕಿತ್ತು, ಪ್ರಪಂಚದ ಎಲ್ಲ ಕಡೆಯಿಂದ ಜನ ಗುದ್ದಲಿ ಹಿಡಿದು ಓಡುತ್ತಿದ್ದರು. ಹಚಿನ್ಸನ್ ಕೂಡ ಬೆಂಡಿಗೋ ಚಿನ್ನದ ಬಯಲಿಗೆ ಹೋಗಿ ಸೇರಿದ. ಚಿನ್ನದ ಆಸೆಯೋ, ಮನೆಯಲ್ಲಿ ಮನಸ್ತಾಪವೋ, ಆರೋಗ್ಯವೋ, ಇತಿಹಾಸ ಬರೆದವರು ತಲೆಗೊಂದು ಮಾತು ಹೇಳುತ್ತಾರೆ. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದವನಂತೆ. 1861ರಲ್ಲಿ ಅಲ್ಲಿಂದಲೂ ಎದ್ದು ಫಿಜಿ ದ್ವೀಪಗಳ ಕಡೆ ಹೊರಟ, ಅದೇ ವರ್ಷ ಜುಲೈನಲ್ಲಿ ಅಲ್ಲೇ ಸತ್ತ. ಭೇದಿಯಿಂದ ಅಂತ ಕೆಲವರು, ಕೊಲೆ ಅಂತ ಕೆಲವರು. ಐವತ್ತು ವರ್ಷ ಆಗಿತ್ತು. ಸಾವಿರಾರು ಜನರ ಆಯಸ್ಸಿನ ಲೆಕ್ಕ ಹಾಕಿದವನ ಕೊನೆ ಹೀಗೆ. ಬದುಕಿನ ಈ ಭಾಗದ ಬಗ್ಗೆ ತೀರ್ಪು ಕೊಡೋದು ನಮಗೆ ಬೇಡ, ಆದರೆ ಆ ಹೆಂಡತಿ ಮಕ್ಕಳ ಕಥೆಯನ್ನು ಯಾರಾದರೂ ಬರೆಯಬೇಕಿತ್ತು ಅಂತ ಅನ್ನಿಸಿದ್ದು ನಿಜ.

ಆತ ಹೋದ ಮೇಲೆ ಯಂತ್ರ ಏನಾಯಿತು? ಹೆಚ್ಚಿನ ಡಾಕ್ಟರುಗಳು ಅದರ ಗೊಡವೆಗೆ ಹೋಗಲಿಲ್ಲ. ನೀರು ತುಂಬಿದ ಆಳೆತ್ತರದ ಯಂತ್ರವನ್ನು ರೋಗಿಯ ಮನೆಗೆ ಹೊತ್ತುಕೊಂಡು ಹೋಗೋಕಾಗುತ್ತಾ? ಸ್ಟೆತೊಸ್ಕೋಪಾದರೆ ಟೋಪಿಯೊಳಗೆ ಕೂರುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಈ ಸಂಖ್ಯೆ ಹಲವು ಬೇರೆ ಬೇರೆ ಕಾಯಿಲೆಗಳಲ್ಲಿ ಕಡಿಮೆಯಾಗುತ್ತೆ, ಕೆಲವು ದೊಡ್ಡ ಕಾಯಿಲೆಯಲ್ಲಿ ಬಹಳ ಸಲ ಅಷ್ಟಾಗಿ ಕಡಿಮೆಯಾಗೋದೇ ಇಲ್ಲ. ಆ ಕೆಲವು ಕಾಯಿಲೆಗಳಲ್ಲಿ ನಮ್ಮ ಸಿಒಪಿಡಿಯೂ ಒಂದು.

ಇಲ್ಲಿಗೆ ನಮ್ಮ ಸರ್ಕ್ಯೂಟ್ ಥಿಯರಿ ಬರುತ್ತೆ. ಶ್ವಾಸಕೋಶವನ್ನು ಒಂದು ಆರ್‌ಸಿ ಸರ್ಕ್ಯೂಟ್ ಅಂದುಕೊಳ್ಳಿ. ಗಾಳಿಚೀಲಗಳ ಹಿಗ್ಗುವ ಗುಣ ಕೆಪಾಸಿಟರ್, ಶ್ವಾಸನಾಳ ರೆಸಿಸ್ಟರ್. ಉಸಿರು ಬಿಡೋದು ಅಂದರೆ ಕೆಪಾಸಿಟರ್ ಡಿಸ್ಚಾರ್ಜ್ ಆಗೋದು. ಟೈಮ್ ಕಾನ್‌ಸ್ಟಂಟ್ ಅಂದರೆ ಇವೆರಡರ ಗುಣಲಬ್ಧ. ನಾಳ ಊದಿಕೊಂಡು ಕಫ ಕಟ್ಟಿದರೆ ರೆಸಿಸ್ಟೆನ್ಸ್ ಏರುತ್ತೆ. ಗಾಳಿಚೀಲಗಳ ಗೋಡೆ ಹರಿದರೆ ಶ್ವಾಸಕೋಶ ಹಳೇ ಎಲಾಸ್ಟಿಕ್ಕಿನ ಹಾಗೆ ಜೋತುಬಿದ್ದು ಕೆಪಾಸಿಟೆನ್ಸ್ ಏರುತ್ತೆ. ಯಾವುದೇ ಆಗಲಿ, ಟೈಮ್ ಕಾನ್‌ಸ್ಟಂಟ್ ದೊಡ್ಡದಾಗುತ್ತೆ, ಗಾಳಿ ನಿಧಾನಕ್ಕೆ ಹೊರಬರುತ್ತೆ. ಆದರೆ ಸಮಯ ಕೊಟ್ಟರೆ ಬರುತ್ತೆ! ಹಚಿನ್ಸನ್ ತನ್ನ ಜನರಿಗೆ ನಿಧಾನವಾಗಿ, ಪೂರ್ತಿಯಾಗಿ ಊದಿ ಅಂತ ಸಮಯ ಕೊಡುತ್ತಿದ್ದ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಅಳೆದ, ನಲ್ಲಿ ಕಟ್ಟಿಕೊಂಡಿದೆಯಾ ಅಂತ ನೋಡಲಿಲ್ಲ. ಆತನ ಯಂತ್ರಕ್ಕೆ ಗಡಿಯಾರ ಇರಲಿಲ್ಲ.

ಗಡಿಯಾರ ಸೇರಿಸೋಕೆ ನೂರು ವರ್ಷ ಹಿಡಿಯಿತು. 1947ರಲ್ಲಿ ಪ್ಯಾರಿಸ್ಸಿನ ತಿಫೆನೋ ಮತ್ತು ಪಿನೆಲ್ಲಿ, ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯನ್ನು ಬೇರೆಯಾಗಿ ಅಳೆದರು. ಅದಕ್ಕೇ ಈಗ ಎಫ್‌ಇವಿ ಒನ್ ಅನ್ನೋದು. ಅದನ್ನು ಪೂರ್ತಿ ಊದಿದ ಗಾಳಿಯಿಂದ ಭಾಗಿಸಿ. ಚೆನ್ನಾಗಿರೋ ಹರೆಯದ ಎದೆ ಮೊದಲ ಸೆಕೆಂಡಿನಲ್ಲೇ ಮುಕ್ಕಾಲು ಪಾಲಿಗಿಂತ ಹೆಚ್ಚು ಖಾಲಿಯಾಗುತ್ತೆ. ನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಈ ಅನುಪಾತ 0.70ಗಿಂತ ಕೆಳಗಿದ್ದರೆ, ಲಕ್ಷಣಗಳ ಜೊತೆ ಸೇರಿಸಿ ನೋಡಿ, ಸಿಒಪಿಡಿ ಅಂತ ಇವತ್ತು ಹೇಳೋದು. ಬರೀ ಕೆಮ್ಮು ದಮ್ಮು ನೋಡಿ ಹೇಳಿದರೆ ಅಸ್ತಮಾ ಯಾವುದು, ಹೃದಯದ ತೊಂದರೆ ಯಾವುದು ಎಲ್ಲ ಕಲಸುಮೇಲೋಗರ.

ಅಳತೆ ಕೈಗೆ ಬಂದ ಮೇಲೆಯೇ ಚಿಕಿತ್ಸೆಯ ಸಂಶೋಧನೆಗೆ ಕಾಲು ಬಂದಿದ್ದು. ಲಂಡನ್ನಿನಲ್ಲಿ ಚಾರ್ಲ್ಸ್ ಫ್ಲೆಚರ್ ತಂಡ 1961ರಿಂದ ಎಂಟು ವರ್ಷ ಕೆಲಸಗಾರರನ್ನು ಬೆನ್ನು ಬಿಡದೆ ಅಳೆಯಿತು. ಪೂರ್ತಿ ಉಳಿದುಕೊಂಡವರು 792 ಜನ. ಬೀಡಿ ಸಿಗರೇಟು ಬಿಟ್ಟರೆ ಕಳೆದುಹೋದ ಎದೆ ವಾಪಸ್ ಬರೋದಿಲ್ಲ, ಆದರೆ ಇಳಿಜಾರು ಸೇದದವರ ಮಟ್ಟಕ್ಕೆ ಮೆತ್ತಗಾಗುತ್ತೆ ಅನ್ನೋದು ಅಲ್ಲಿ ಗೊತ್ತಾಯಿತು. ಆಮೇಲೆ ಅಮೆರಿಕ, ಕೆನಡಾಗಳಲ್ಲಿ 5887 ಜನ ಸೇದುವವರ ಮೇಲೆ ದೊಡ್ಡ ಪ್ರಯೋಗ ನಡೆದು 1994ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿಗೆ ಸೇದೋದು ಬಿಡಿಸುವ ತರಬೇತಿಯ ಜೊತೆ ನಾಳ ಹಿಗ್ಗಿಸುವ ಇನ್‌ಹೇಲರು, ಇನ್ನೊಂದಕ್ಕೆ ತರಬೇತಿಯ ಜೊತೆ ಔಷಧಿಯಿಲ್ಲದ ಇನ್‌ಹೇಲರು, ಮೂರನೆಯದಕ್ಕೆ ಎಂದಿನ ಆರೈಕೆ. ಇನ್‌ಹೇಲರು ಸ್ವಲ್ಪ ಸುಖ ಕೊಟ್ಟಿತು, ನಿಲ್ಲಿಸಿದಾಗ ಆ ಲಾಭ ಹೋಯಿತು, ಇಳಿಜಾರು ಬದಲಾಗಲಿಲ್ಲ. ಇಳಿಜಾರು ಬದಲಿಸಿದ್ದು ಬಿಟ್ಟವರ ಬಿಟ್ಟ ಕೆಲಸ. ಅದೇ ಜನರನ್ನು 11 ವರ್ಷದ ನಂತರ ನೋಡಿದಾಗ, ಶುರುವಿನಲ್ಲೇ ಬಿಟ್ಟ ಗಂಡಸರ ಎಫ್‌ಇವಿ ಒನ್ ವರ್ಷಕ್ಕೆ ಸುಮಾರು 30 ಮಿಲಿಲೀಟರು ಇಳಿದಿತ್ತು, ಸೇದುತ್ತಲೇ ಇದ್ದವರದು 66. ಹಚಿನ್ಸನ್ ಭಾಷೆಯಲ್ಲಿ ಹೇಳೋದಾದರೆ ಎರಡು ಘನ ಇಂಚು ಮತ್ತು ನಾಲ್ಕು ಘನ ಇಂಚು. ಎರಡು ಘನ ಇಂಚಿನ ಆ ವ್ಯತ್ಯಾಸ ಇಪ್ಪತ್ತು ವರ್ಷ ಕೂಡುತ್ತಾ ಹೋದರೆ, ಮೆಟ್ಟಿಲು ಹತ್ತಬಲ್ಲ ಅಜ್ಜನಿಗೂ ಬಚ್ಚಲಿಗೆ ಹೋಗೋಕೆ ಏದುಸಿರು ಬಿಡೋ ಅಜ್ಜನಿಗೂ ಇರೋ ವ್ಯತ್ಯಾಸ ಆಗುತ್ತೆ. ಇಷ್ಟು ಸಣ್ಣದನ್ನು ಹಿಡಿಯಬೇಕು ಅಂದರೆ ಯಂತ್ರ ನಂಬಿಕಸ್ಥ ಆಗಿರಬೇಕು. ಅದಕ್ಕೇ ಸ್ಪೈರೋಮೀಟರ್ ಬಳಸುವ ದಿನ ಮೂರು ಲೀಟರಿನ ದೊಡ್ಡ ಸಿರಿಂಜಿನಿಂದ ಗಾಳಿ ತಳ್ಳಿ, ಶೇಕಡಾ ಮೂರರ ಒಳಗೆ ಸರಿ ಬರುತ್ತಾ ಅಂತ ನೋಡಬೇಕು. ಕ್ಯಾಲಿಬ್ರೇಷನ್ ಅನ್ನೋದು ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸೋಕೆ ಮಾತ್ರ ಇರೋದು ಅಂತ ತಿಳಿದವರಿಗೆ ಈ ಮಾತು.

ಹಾಗಂತ ಈ ಒಂದು ಸಂಖ್ಯೆಯನ್ನೇ ದೇವರು ಮಾಡಿಕೊಳ್ಳೋದೂ ಕಷ್ಟ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿದ್ದ 87 ರೋಗಿಗಳು. 42 ಜನಕ್ಕೆ ದಿನಕ್ಕೆ 15 ಗಂಟೆಯಾದರೂ ಆಮ್ಲಜನಕ ಕೊಟ್ಟರು, 45 ಜನಕ್ಕೆ ಕೊಡಲಿಲ್ಲ. ಐದು ವರ್ಷದಲ್ಲಿ ಮೊದಲ ಗುಂಪಿನಲ್ಲಿ ಸತ್ತವರು 19, ಎರಡನೆಯದರಲ್ಲಿ 30. ಇಲ್ಲಿ ಲೆಕ್ಕಕ್ಕೆ ಬಂದಿದ್ದು ಊದಿದ ಗಾಳಿಯಲ್ಲ, ಉಳಿದ ಜೀವ. ಹಾಗೆಯೇ ನಡಿಗೆ, ಕಾಲಿನ ವ್ಯಾಯಾಮ, ಉಸಿರಾಟದ ಅಭ್ಯಾಸ ಸೇರಿದ ಪುನಶ್ಚೇತನ ಚಿಕಿತ್ಸೆ. ಅದನ್ನು ಮಾಡಿದವರು ಮೊದಲಿಗಿಂತ ದೂರ ನಡೆಯುತ್ತಾರೆ, ಏದುಸಿರು ಕಡಿಮೆಯಾಗುತ್ತೆ, ಎಫ್‌ಇವಿ ಒನ್ ಮಾತ್ರ ಇದ್ದಲ್ಲೇ ಇರುತ್ತೆ. ಮೀಟರ್ ಮುಳ್ಳು ಅಲ್ಲಾಡಲಿಲ್ಲ ಅಂತ ಚಿಕಿತ್ಸೆ ನಿಲ್ಲಿಸಿದರೆ ನಷ್ಟ ರೋಗಿಗೆ.

ಇನ್ನು ಯಾರನ್ನು ಅಳೆದು ಮಾದರಿ ಅನ್ನುತ್ತೇವೆ ಅಂತ ಮೇಲೆ ಎತ್ತಿದ ಪ್ರಶ್ನೆ. ಹಚಿನ್ಸನ್ ಇನ್ನೂ ಬದುಕಿದ್ದಾಗಲೇ ಸ್ಪೈರೋಮೀಟರು ಅಟ್ಲಾಂಟಿಕ್ ದಾಟಿತ್ತು. ಅಮೆರಿಕದ ಲೂಸಿಯಾನಾದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಡಾಕ್ಟರು ಗುಲಾಮರಿಂದ ಊದಿಸಿ, ಕಪ್ಪು ಜನರ ಶ್ವಾಸಕೋಶದ ಶಕ್ತಿ ಬಿಳಿಯರಿಗಿಂತ ಶೇಕಡಾ 20 ಕಡಿಮೆ ಅಂತ ಸಾರಿದ. ಅಷ್ಟಕ್ಕೇ ನಿಲ್ಲಲಿಲ್ಲ, ಅವರಿಂದ ಬಲವಂತವಾಗಿ ದುಡಿಸೋದೇ ಅವರ ಆರೋಗ್ಯಕ್ಕೆ ಒಳ್ಳೆಯದು ಅನ್ನೋ ವಾದ ಕಟ್ಟಿದ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ 1869ರಲ್ಲಿ ಬೆಂಜಮಿನ್ ಗೌಲ್ಡ್ ಸೈನಿಕರ ಅಳತೆಗಳ ದೊಡ್ಡ ಗ್ರಂಥವನ್ನೇ ಹೊರತಂದ. ಅಲ್ಲೂ ಅದೇ ಅಂತರ ಕಂಡಿತು. ಆ ಜನ ಏನು ತಿಂದು ಬೆಳೆದರು, ಎಂಥ ಗಾಳಿ ಕುಡಿದರು ಅನ್ನೋದು ಲೆಕ್ಕಕ್ಕೆ ಬರಲಿಲ್ಲ. ನೂರು ವರ್ಷ ಕಳೆದು ಯಂತ್ರಗಳಿಗೆ ಕಂಪ್ಯೂಟರ್ ಬಂದಾಗ, ಜನಾಂಗದ ಬಟನ್ ಒತ್ತಿದರೆ ನಿರೀಕ್ಷಿತ ಸಂಖ್ಯೆಯನ್ನೇ ಇಳಿಸಿಬಿಡುವ ತಿದ್ದುಪಡಿಯಾಗಿ ಇದು ಸಾಫ್ಟ್‌ವೇರಿನೊಳಗೆ ಕೂತಿತು. ನಿರೀಕ್ಷೆಯೇ ಕಡಿಮೆಯಾದರೆ ಕಾಯಿಲೆ ಬಿದ್ದವನೂ ಪಾಸಾಗುತ್ತಾನೆ. 1999ರಲ್ಲಿ ಬಾಲ್ಟಿಮೋರ್‌ನಲ್ಲಿ, ಆಸ್ಬೆಸ್ಟಾಸ್‌ನಿಂದ ಎದೆ ಹಾಳಾಯಿತು ಅಂತ ಪರಿಹಾರ ಕೇಳಿದ ಕಪ್ಪು ಕೆಲಸಗಾರರ ವಿರುದ್ಧ ಒಂದು ಕಂಪನಿ ಈ ತಿದ್ದುಪಡಿಯನ್ನೇ ಗುರಾಣಿ ಮಾಡಿಕೊಳ್ಳೋಕೆ ನೋಡಿತ್ತು. ನ್ಯಾಯಾಧೀಶರು ಒಪ್ಪಲಿಲ್ಲ.

ಹಚಿನ್ಸನ್‌ಗೂ ಕಾರ್ಟ್‌ರೈಟ್‌ನ ವಾದಕ್ಕೂ ಸಂಬಂಧವಿಲ್ಲ. ಆದರೆ ಎತ್ತರ, ವಯಸ್ಸು ನೋಡಿ ಇಷ್ಟಿರಬೇಕು ಅಂತ ಗೆರೆ ಎಳೆಯುವ ಪದ್ಧತಿ ಶುರು ಮಾಡಿದವನು ಅವನೇ, ಆ ಗೆರೆಯನ್ನು ಯಾರು ಎಲ್ಲಿ ಎಳೆಯುತ್ತಾರೆ ಅನ್ನೋದು ಇಂದಿಗೂ ಜಗಳದ ವಿಷಯ. ಅಮೆರಿಕನ್ ಥೊರಾಸಿಕ್ ಸೊಸೈಟಿ 2023ರಲ್ಲಿ ಜನಾಂಗ ಕೇಳದ ಸಮೀಕರಣಗಳನ್ನು ಬಳಸಿ ಅಂತ ಸೂಚಿಸಿತು. ಇದು ಭಾರತೀಯರಿಗೆ ನೇರವಾಗಿ ತಾಗುವ ಮಾತು. ಸ್ಪೈರೋಮೀಟ್ರಿ ರಿಪೋರ್ಟಿನಲ್ಲಿ ನಿಮ್ಮ ಅಳತೆಯ ಪಕ್ಕ ನಿರೀಕ್ಷಿತ ಅಳತೆ, ಅದರ ಪಕ್ಕ ಶೇಕಡಾವಾರು ಅಂತ ಕಾಲಂಗಳಿರುತ್ತವೆ. ಯೂರೋಪಿಯನ್ ಲೆಕ್ಕದಲ್ಲಿ ಒಂದು ಶೇಕಡಾ, ಏಷ್ಯನ್ ಲೆಕ್ಕದಲ್ಲಿ ಇನ್ನೊಂದು, ಎಲ್ಲರಿಗೂ ಒಂದೇ ಅನ್ನೋ ಲೆಕ್ಕದಲ್ಲಿ ಮತ್ತೊಂದು. ಊದಿದ ಗಾಳಿ ಮಾತ್ರ ಅಷ್ಟೇ. ಮನೆಯಲ್ಲಿ ಅಜ್ಜಿಯನ್ನೋ ಚಿಕ್ಕಪ್ಪನನ್ನೋ ಈ ಟೆಸ್ಟಿಗೆ ಕರಕೊಂಡು ಹೋದರೆ, ಯಂತ್ರದಲ್ಲಿ ಯಾವ ಸಮೀಕರಣ ಹಾಕಿದ್ದಾರೆ ಅಂತ ಟೆಕ್ನಿಷಿಯನ್ನರನ್ನು ಒಂದು ಮಾತು ಕೇಳಿ. ಸಾಮಾನ್ಯವಾಗಿ ರಿಪೋರ್ಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತೆ.